ಕತ್ತಿ ಎತ್ತದ ಹುಡುಗಿ

ನಮ್ಮ ಆಟವನ್ನು ಬೇರೆ ಯಾರೋ ಆಡುತ್ತಿದ್ದಾರೆ ಎಂಬ ಅನುಮಾನ ನನಗೆ ಮೊದಲು ಬಂದದ್ದು ಬಿಲ್ಲಿನಿಂದ. ಒಂದು ಮಧ್ಯಾಹ್ನ ಡೈರಿಯ ಕೆಲಸ ಮುಗಿಸಿ, ಊಟ ಮಾಡಿ, ಚಾಪೆಯ ಮೇಲೆ ಕೂತು ಟ್ಯಾಬ್ ತೆರೆದರೆ ಆಟದೊಳಗಿನ ನಮ್ಮ ಹುಡುಗಿಯ ಬೆನ್ನ ಮೇಲೆ ಕತ್ತಿಯ ಜಾಗದಲ್ಲಿ ಬಿಲ್ಲು ಇತ್ತು. ನಾನು ಬಿಲ್ಲು ಮುಟ್ಟುವವಳಲ್ಲ. ನಮ್ಮ ಯಜಮಾನರಂತೂ ಆಟ ಶುರು ಮಾಡಿದ ದಿನದಿಂದ ಬಿಲ್ಲನ್ನು ಹೇಡಿಗಳ ಆಯುಧ ಎಂದು ಬೈಯುತ್ತಲೇ ಬಂದವರು. ಹಾಗಾದರೆ ಅದನ್ನು ಎತ್ತಿಕೊಂಡವರು ಯಾರು?

ಅನುಮಾನ ಪಡುವುದೇ ನನ್ನ ಕೆಲಸ. ಬೂದಿಕೋಟೆಯಿಂದ ಬಂಗಾರಪೇಟೆಗೆ ಹೋಗುವ ದಾರಿಯಲ್ಲಿರುವ ನಮ್ಮ ಹಳ್ಳಿಯ ಡೈರಿಯಲ್ಲಿ ನಾನು ಹಾಲು ಪರೀಕ್ಷೆ ಮಾಡುವವಳು. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಊರಿನವರೆಲ್ಲ ಕ್ಯಾನು, ತಂಬಿಗೆ ಹಿಡಿದು ಸಾಲಾಗಿ ನಿಲ್ಲುತ್ತಾರೆ. ಎಲ್ಲರೂ ನೆಂಟರೇ, ಎಲ್ಲರೂ ಒಳ್ಳೆಯವರೇ, ಹಾಲಿನ ವಿಷಯದಲ್ಲಿ ಮಾತ್ರ ಒಬ್ಬರನ್ನೂ ನಂಬುವ ಹಾಗಿಲ್ಲ. ನನ್ನ ಸ್ವಂತ ಚಿಕ್ಕಮ್ಮನ ಹಾಲನ್ನು ವಾಪಸ್ ಕಳಿಸಿ, ಆಮೇಲೆ ಅವರ ಮನೆಯ ಮದುವೆಗೆ ಹೋಗಿ ಮೂಲೆಯಲ್ಲಿ ಕೂತು ಊಟ ಮಾಡಿ ಬಂದವಳು ನಾನು. ಇಷ್ಟು ವರ್ಷದಲ್ಲಿ ಮೂಗು ಎಷ್ಟು ಪಳಗಿದೆ ಎಂದರೆ, ಹಾಲು ಸುರಿಯುವಾಗಲೇ ಇದು ಯಾವ ಮನೆಯದು, ಅದಕ್ಕೆ ಪಕ್ಕದ ಮನೆಯ ಹಾಲು ಬೆರೆತಿದೆಯೋ ಇಲ್ಲವೋ ಹೇಳಿಬಿಡುತ್ತೇನೆ. ಇದು ಜಂಬವಲ್ಲ. ಜಂಬವೇ ಇರಬಹುದು, ಹೋಗಲಿ.

ನಮ್ಮ ಯಜಮಾನರು ಊರಿಗಾಂನವರು. ಅಲ್ಲಿನ ಚಿನ್ನದ ಗಣಿಯ ಕಾರ್ಮಿಕರ ಲೈನು ಮನೆಗಳಲ್ಲಿ ಹುಟ್ಟಿ, ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಅಂಗಡಿಯಲ್ಲಿ ತೆಲುಗು ಆಡುತ್ತ ಬೆಳೆದವರು. ಮದುವೆಯಾದ ಮೇಲೆ ನಮ್ಮ ಹಳ್ಳಿಗೇ ಬಂದು ನೆಲೆಸಿದರು. ವೈಟ್‌ಫೀಲ್ಡ್ ಕಡೆಯ ಒಂದು ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಾರೆ. ಬೆಳಗಿನ ಬಸ್ಸಿಗೆ ಬಂಗಾರಪೇಟೆ, ಅಲ್ಲಿಂದ ರೈಲು, ಸಂಜೆ ಅದೇ ದಾರಿಯಲ್ಲಿ ವಾಪಸ್. ಎಡಗೈಯಲ್ಲಿ ಸ್ಟೀರಿಂಗ್ ತಿರುಗಿಸುತ್ತ, ಬಲಗೈಯಲ್ಲಿ ಲಿವರ್ ಎಳೆಯುತ್ತ, ಭಾರದ ಪೆಟ್ಟಿಗೆಗಳನ್ನು ಮೂರಾಳೆತ್ತರಕ್ಕೆ ಏರಿಸಿ ಇಡುವ ಕೆಲಸ. ಕೆಳಗೆ ಸಾಮಾನು ಜೋಡಿಸುವ ಹೆಂಗಸರು, ಗಂಡಸರು ಓಡಾಡುತ್ತಲೇ ಇರುತ್ತಾರಂತೆ. ಒಂದು ಪೆಟ್ಟಿಗೆಯನ್ನೂ ತರಚದೆ ಇಡುತ್ತೇನೆ ಎಂದು ಹೇಳಿಕೊಳ್ಳುವಾಗ ಅವರ ಮುಖ ನೋಡಬೇಕು.

ಅವರಿಗೆ ಈ ಆಟದ ಹುಚ್ಚು ಹಳೆಯದು. ಚಿಕ್ಕವರಿದ್ದಾಗ ಊರಿಗಾಂನ ವಿಡಿಯೋ ಗೇಮ್ ಅಂಗಡಿಯಲ್ಲಿ ಆಡಿದ್ದಕ್ಕಿಂತ ಬೇರೆಯವರ ಹೆಗಲ ಮೇಲಿಂದ ಇಣುಕಿ ನೋಡಿದ್ದೇ ಹೆಚ್ಚು. ಟೀವಿಗೆ ಸಿಕ್ಕಿಸಿ ಆಡುವ ದೊಡ್ಡ ಆಟಗಳು ನಮ್ಮಂಥವರ ಮನೆಗೆ ಬರುವುದಲ್ಲ ಎಂದುಕೊಂಡಿದ್ದವರಿಗೆ, ಈಗ ಅಂಥದ್ದೇ ಆಟ ಫೋನಿಗೆ ಬಂತು ಎಂದು ರೈಲಿನಲ್ಲಿ ಯಾರೋ ತೋರಿಸಿದರಂತೆ. ಬೆಟ್ಟ, ಕೋಟೆ, ಕಾಡು, ಮಳೆ ಬಂದರೆ ಒದ್ದೆಯಾಗುವ ಕುದುರೆ, ಎದುರಿಗೆ ಬೆಟ್ಟದಂಥ ರಾಕ್ಷಸರು. ನಡುವೆ ಕತ್ತಿ ಹಿಡಿದ ಒಬ್ಬ ಹುಡುಗಿ. ಫೋನಿಗೂ ಹಾಕಿಕೊಂಡರು, ನರ್ಸಿಂಗ್ ಓದಲು ಹಾಸ್ಟೆಲಿಗೆ ಹೋದ ಮಗಳು ಮನೆಯಲ್ಲಿ ಬಿಟ್ಟುಹೋಗಿದ್ದ ಟ್ಯಾಬಿಗೂ ಹಾಕಿದರು.

ನನಗೆ ಮೊದಲು ಆಟದ ಮೇಲೇ ಅನುಮಾನ. ಮೊದಲ ಭಾಗ ಪುಕ್ಕಟೆ ಎಂದರು. ಇಷ್ಟು ದೊಡ್ಡ ಕೋಟೆ ಕಟ್ಟಿದವರು ಪುಕ್ಕಟೆ ಯಾಕೆ ಕೊಡುತ್ತಾರೆ? ತೆರೆದ ಕೂಡಲೇ ಮೈಕ್ ಕೊಡಿ, ಫೋಟೋ ನೋಡಲು ಬಿಡಿ ಎಂದು ಕೇಳಿತು. ಕತ್ತಿ ಬೀಸುವುದಕ್ಕೆ ನಮ್ಮ ಮನೆಯ ಗೃಹಪ್ರವೇಶದ ಫೋಟೋ ಯಾಕೆ ಬೇಕು? ಎಲ್ಲದಕ್ಕೂ ಬೇಡ ಎಂದು ಒತ್ತಿದೆ. ಆಮೇಲೆ ಇದು ಒಳಗೊಳಗೆ ಏನು ಮಾಡುತ್ತದೆ ನೋಡಿಯೇ ಬಿಡೋಣ ಎಂದು ಕಾವಲಿಗೆ ಕೂತವಳು, ಕೂತಲ್ಲೇ ಆಡುವುದು ಕಲಿತೆ. ಕಾವಲಿಗೆ ಇಟ್ಟ ಬೆಕ್ಕೇ ಕೆನೆಗೆ ಬಾಯಿ ಹಾಕಿದ ಹಾಗಾಯಿತು ಎಂದು ಅವರು ಈಗಲೂ ರೇಗಿಸುತ್ತಾರೆ.

ಹುಡುಗಿ ಒಬ್ಬಳೇ, ಆಡುವವರು ಇಬ್ಬರು. ಫೋನಿಗೂ ಟ್ಯಾಬಿಗೂ ಒಂದೇ ಖಾತೆ. ರೈಲಿನಲ್ಲಿ ಅವರು ಫೋನಿನಲ್ಲಿ ಎಲ್ಲಿಗೆ ತಂದು ನಿಲ್ಲಿಸಿರುತ್ತಾರೋ, ಮಧ್ಯಾಹ್ನ ಟ್ಯಾಬಿನಲ್ಲಿ ಅಲ್ಲಿಂದ ಮುಂದಕ್ಕೆ ನಾನು. ಗಣಿಯಲ್ಲಿ ನಮ್ಮ ಮಾವನವರು ಶಿಫ್ಟ್ ಬದಲಾಯಿಸುತ್ತಿದ್ದ ಹಾಗೆ ನಾವು ಆಟ ಬದಲಾಯಿಸುತ್ತಿದ್ದೆವು. ಸಂಜೆ ಊಟದ ಹೊತ್ತಿಗೆ ಅವಳದೇ ಮಾತು. ಇವತ್ತು ಎಲ್ಲಿ ಬಿದ್ದಳು, ಯಾರನ್ನು ಹೊಡೆದಳು, ಕುದುರೆ ಎಲ್ಲಿ ಬಿಟ್ಟು ಬಂದಳು. ಮಗಳು ಹಾಸ್ಟೆಲಿನಿಂದ ಫೋನ್ ಮಾಡಿದಾಗ ನಮ್ಮಿಬ್ಬರ ಮಾತು ಕೇಳಿ, ನನ್ನನ್ನು ಕಳಿಸಿ ಇನ್ನೊಬ್ಬಳನ್ನು ಸಾಕ್ಕೊಂಡಿದ್ದೀರಾ ಎಂದು ನಕ್ಕಿದ್ದಳು.

ಆಡುವ ರೀತಿ ಮಾತ್ರ ನಮ್ಮಿಬ್ಬರದೂ ಬೇರೆ ಬೇರೆ. ಪರದೆಯ ಎಡಬದಿಯಲ್ಲಿ ಹೆಬ್ಬೆರಳಿಟ್ಟರೆ ಹುಡುಗಿ ನಡೆಯುತ್ತಾಳೆ, ಬಲಬದಿಯಲ್ಲಿ ಒತ್ತಿದರೆ ಕತ್ತಿ ಬೀಸುತ್ತಾಳೆ. ಅವರು ಬಲಗಡೆಯ ಮನುಷ್ಯ. ಎದುರಿಗೆ ಯಾರೇ ಬರಲಿ, ನುಗ್ಗಿ ಟಪಟಪ ಒತ್ತುವುದು, ಹೊಡೆಯುವುದು, ಹೊಡೆಸಿಕೊಳ್ಳುವುದು. ನಾನು ತಡೆದು ನಿಂತು, ಎದುರಾಳಿಯ ಕೈ ಸೋಲುವವರೆಗೆ ಕಾದು ಹೊಡೆಯುವವಳು. ಅವರು ಆಡಿಬಿಟ್ಟ ಹುಡುಗಿ ನನ್ನ ಕೈಗೆ ಬಂದಾಗ ಮೈತುಂಬ ಗಾಯ, ಮದ್ದಿನ ಚೀಲ ಖಾಲಿ. ನೋಡಿದ ಕೂಡಲೇ ಇದು ಇವರ ಕೆಲಸ ಎಂದು ಗೊತ್ತಾಗುತ್ತಿತ್ತು.

ಬಿಲ್ಲು ಕಂಡ ಮೇಲೆ ನಾನು ದಿನಾ ಕಣ್ಣಿಟ್ಟೆ. ಹುಡುಗಿಯ ಮೈಮೇಲೆ ಒಂದು ಗೀರಿಲ್ಲ. ಚೀಲದ ತುಂಬ ಸೊಪ್ಪು, ಬೇರು, ಹೂವು. ರಾಕ್ಷಸರಿದ್ದ ದಾರಿ ಬಿಟ್ಟು ಹುಲ್ಲಿನಲ್ಲಿ ಬಗ್ಗಿ ಬಗ್ಗಿ ಸುತ್ತುಬಳಸಿ ಬಂದಿದ್ದಾಳೆ. ದೂರದಿಂದ ಒಂದು ಬಾಣ ಬಿಟ್ಟು ಓಡಿದ್ದಾಳೆ. ಕತ್ತಿಯ ಅಂಚು ಸವೆದೇ ಇಲ್ಲ. ಇಷ್ಟು ನಯವಾಗಿ, ಇಷ್ಟು ಪುರುಸೊತ್ತಾಗಿ ನಮ್ಮ ಯಜಮಾನರು ಆಡುವುದು ಸಾಧ್ಯವೇ ಇಲ್ಲ. ನಮ್ಮ ಕ್ಯಾನಿಗೆ ಬೇರೆ ಮನೆಯ ಹಾಲು ಬಿದ್ದಿತ್ತು. ಅದೂ ಹೆಂಗಸಿನ ಕೈ ಎಂದು ನಾನು ತೀರ್ಮಾನ ಮಾಡಿಬಿಟ್ಟೆ.

ರೈಲಿನಲ್ಲಿ ಪಕ್ಕ ಕೂರುವವಳು ಇರಬೇಕು. ಅವರು ಫೋನು ಅವಳ ಕೈಗೆ ಕೊಡುತ್ತಾರೆ, ಅವಳು ಸೊಪ್ಪು ಕೀಳುತ್ತ ಹೋಗುತ್ತಾಳೆ, ಇವರು ಅವಳ ಕೈ ನೋಡುತ್ತ ಕೂರುತ್ತಾರೆ. ಹೀಗೆ ಒಂದು ಸಲ ತಲೆಗೆ ಬಂದಿದ್ದೇ ತಡ, ಮಿಕ್ಕಿದ್ದೆಲ್ಲ ತಾನಾಗಿ ಜೋಡಿಸಿಕೊಂಡಿತು. ಗುಂಡಿಯ ಅಂಗಿ ಬಿಟ್ಟು ಬೇರೆ ತೊಡದಿದ್ದವರು ಬಂಗಾರಪೇಟೆಯಿಂದ ಟೀ ಶರ್ಟು ತಂದರು, ಒಂದಲ್ಲ, ವಾರಕ್ಕಾಗುವಷ್ಟು. ಸೆಕೆ ಎಂದರು. ಮನೆಯಲ್ಲೇ ಗಡ್ಡ ಕೆರೆದುಕೊಳ್ಳುತ್ತಿದ್ದವರು ಸ್ಟೇಷನ್ ಹತ್ತಿರದ ಸಲೂನಿಗೆ ಹೋಗತೊಡಗಿದರು. ಒಂದು ಭಾನುವಾರ ಮೀಸೆಯನ್ನೂ ತೆಗೆಸಿಕೊಂಡು ಬಂದರು. ಮದುವೆಯಾದಾಗಿನಿಂದ ಆ ಮುಖವನ್ನು ನಾನು ಮೀಸೆಯಿಲ್ಲದೆ ನೋಡಿರಲಿಲ್ಲ. ಹತ್ತು ವರ್ಷ ಚಿಕ್ಕವರ ಹಾಗೆ ಕಂಡರು, ನನಗೆ ಅದೇ ಉರಿ.

ಮರುದಿನ ಡೈರಿಯಲ್ಲಿ ಹಾಲು ಸುರಿಯಲು ಬಂದ ಪಕ್ಕದ ಬೀದಿಯ ಅಜ್ಜಿ ಯಾವುದನ್ನೂ ಬಿಡುವವರಲ್ಲ. ಸಾಲಿನಲ್ಲಿದ್ದವರೆಲ್ಲ ಕೇಳುವ ಹಾಗೆ ವಿಚಾರಿಸಿದರು.

"ಮನೇಲಿ ಸಾವಿಲ್ಲ, ತಿರುಪತಿಗೂ ಓಗಿಲ್ಲ. ನಿನ್ ಗಂಡ ಮೀಸೆ ಯಾಕಮ್ಮ ತೆಗ್ಸವ್ನೆ?"

ಸೆಕೆ ಅಂತೆ ಎಂದೆ. ಅಜ್ಜಿ ನನ್ನನ್ನೇ ನೋಡಿ ತಲೆಯಾಡಿಸಿದರು. ನಾನು ಅವರ ಹಾಲಿಗೆ ಗಟ್ಟಿ ಅಳೆಯುವ ಲ್ಯಾಕ್ಟೋಮೀಟರ್ ಇಳಿಬಿಟ್ಟು ನೋಡುವ ಹಾಗೆಯೇ ನೋಡಿದರು.

ಆಮೇಲೆ ಎಣ್ಣೆಯ ವಾಸನೆ. ಎರಡು ಭಾನುವಾರ ಒಬ್ಬರೇ ಊರಿಗಾಂಗೆ ಹೋಗಿ ಬಂದರು. ಹಳೆಯ ಗೆಳೆಯನನ್ನು ನೋಡಬೇಕಿತ್ತು ಎಂದರು. ಬಟ್ಟೆ ಒಗೆಯಲು ತೆಗೆದುಕೊಂಡಾಗ ಟೀ ಶರ್ಟಿನ ತೋಳಿನಲ್ಲಿ ಯಾವುದೋ ಎಣ್ಣೆ ಘಮಗುಟ್ಟಿತು, ನಮ್ಮ ಮನೆಯದಲ್ಲ. ನಾನೇ ಅವರಿಗೆ ಎಣ್ಣೆ ನೀರು ಹಾಕಿ ವರ್ಷವಾಗಿತ್ತು, ಇನ್ನು ಯಾರು ಹಾಕಿದರು? ಬಸ್ಸಿನಲ್ಲಿ ಯಾರದೋ ಬಾಟಲಿ ಚೆಲ್ಲಿತು ಎಂದರು. ಆ ಗೆಳೆಯನ ಜೊತೆ ಫೋನಿನಲ್ಲಿ ತಮಿಳಿನಲ್ಲೇ ಮಾತು. ನನಗೆ ತಮಿಳು ಅರ್ಧ ಅರ್ಥವಾಗುತ್ತದೆ, ಅರ್ಧ ಅರ್ಥವಾಗುವುದು ಪೂರ್ತಿ ಅರ್ಥವಾಗದೆ ಇರುವುದಕ್ಕಿಂತ ಕಷ್ಟ. ಕೊಟ್ಟಿಗೆಯ ಹಿಂದೆ ನಿಂತು ಅವರು "ಅವಳುಕ್ಕು ತೆರಿಯಕ್ಕೂಡಾದು" ಎಂದದ್ದು ಮಾತ್ರ ಪೂರ್ತಿ ಅರ್ಥವಾಯಿತು. ಅವಳಿಗೆ ಗೊತ್ತಾಗಬಾರದು. ಆ ಅವಳು ನಾನೇ ತಾನೆ?

ಇದನ್ನೆಲ್ಲ ಈಗ ಸಲೀಸಾಗಿ ಬರೆಯುತ್ತಿದ್ದೇನೆ. ಆಗ ಡೈರಿಯಲ್ಲಿ ಒಂದೇ ಕ್ಯಾನನ್ನು ಎರಡೆರಡು ಸಲ ಪರೀಕ್ಷೆ ಮಾಡುತ್ತಿದ್ದೆ. ಅವರು ತಟ್ಟೆ ಹಿಡಿದು ಟೀವಿ ಮುಂದೆ ಹೋಗಿ, ನನಗೆ ಬೆನ್ನು ಮಾಡಿ ಊಟ ಮಾಡುತ್ತಿದ್ದರು. ನನ್ನ ಮುಖ ನೋಡಲು ಆಗುತ್ತಿಲ್ಲ ಎಂದುಕೊಂಡೆ. ನನ್ನ ಸಂಸಾರ ನನ್ನ ಕಣ್ಣೆದುರಿಗೇ ಕೈ ಬಿಟ್ಟು ಹೋಗುತ್ತಿದೆ, ಊರಿನ ಹಾಲಿಗೆಲ್ಲ ತೀರ್ಪು ಕೊಡುವವಳಿಗೆ ಮನೆಯ ಹಾಲು ಕೆಟ್ಟದ್ದು ಕೊನೆಗೆ ಗೊತ್ತಾಯಿತು ಎಂದು ನಗುತ್ತಾರೆ, ಇದೇ ಯೋಚನೆ. ಮಗಳಿಗೆ ಹೇಳಲೋ ಬೇಡವೋ ಎಂದು ಫೋನು ಎತ್ತಿ ಎತ್ತಿ ಇಟ್ಟೆ.

ನಮ್ಮ ಡೈರಿಯಲ್ಲಿ ಒಂದು ಪದ್ಧತಿ ಇದೆ. ಯಾರ ಮನೆಯ ಹಾಲಿನ ಮೇಲಾದರೂ ಅನುಮಾನ ಬಂದರೆ ಜಗಳ ಆಡುವುದಿಲ್ಲ. ಹೇಳದೆ ಕೇಳದೆ ಅವರ ಕೊಟ್ಟಿಗೆಗೆ ಹೋಗಿ, ಎದುರಿಗೇ ಹಾಲು ಕರೆಸಿ, ಅದನ್ನು ಪರೀಕ್ಷೆ ಮಾಡುತ್ತೇವೆ. ಹಸು ಸುಳ್ಳು ಹೇಳುವುದಿಲ್ಲ. ನಾನೂ ಹಾಗೇ ಮಾಡಲು ನೋಡಿದೆ. ಒಂದು ಸಂಜೆ ಟ್ಯಾಬ್ ಅವರ ಕೈಗೆ ಕೊಟ್ಟು, ನೀವು ಆಡಿ, ನಾನು ನೋಡುತ್ತೇನೆ ಎಂದೆ. ಕಣ್ಣು ಉರಿ ಎಂದರು. ಇನ್ನೊಂದು ಸಂಜೆ ತಲೆನೋವು. ಮತ್ತೊಂದು ಸಂಜೆ, ಈ ಟ್ಯಾಬು ಹೆಂಚಿನ ಹಾಗೆ ಕಾಯುತ್ತದೆ ಎಂದು ದೂರ ಇಟ್ಟರು. ಎದುರಿಗೆ ಕರೆಯಲು ಒಪ್ಪದ ಮನೆಯ ಹಾಲಿನ ಬಗ್ಗೆ ನಾವು ಏನು ತಿಳಿದುಕೊಳ್ಳುತ್ತೇವೋ ಅದನ್ನೇ ತಿಳಿದುಕೊಂಡೆ.

ಕೊನೆಗೆ ಬಲೆ ಹಾಕಿದೆ. ಆಟದಲ್ಲಿ ಮುಂದೆ ಒಂದು ಕೋಟೆ ಇತ್ತು. ಒಳಗೆ ಕಾಲಿಟ್ಟರೆ ಹಿಂದೆ ಬಾಗಿಲು ಮುಚ್ಚಿಕೊಳ್ಳುತ್ತದೆ, ಎದುರಿಗೆ ಗದೆ ಹಿಡಿದ ಒಬ್ಬ ದೈತ್ಯ. ಹುಲ್ಲಿಲ್ಲ, ಮರೆಯಿಲ್ಲ, ಓಡಲು ದಾರಿಯಿಲ್ಲ. ಅವನ ಗದೆ ಬೀಳುವ ಕ್ಷಣಕ್ಕೆ ಸರಿಯಾಗಿ ಕತ್ತಿ ಎತ್ತಿ ತಡೆದು, ತಿರುಗಿ ಹೊಡೆಯಬೇಕು. ಅಲ್ಲಿಗೆ ಹೋಗುವ ಮೊದಲು ಸಂತೆಯಲ್ಲಿ ನಾನು ಬಿಲ್ಲು ಮಾರಿದೆ, ಒಂದೊಂದು ಬಾಣವನ್ನೂ ಮಾರಿದೆ, ಆ ಸೊಪ್ಪುಸದೆಯನ್ನೆಲ್ಲ ಮಾರಿದೆ. ಹುಡುಗಿಯನ್ನು ಒಳಗೆ ತಂದು ದೈತ್ಯನ ಎದುರಿಗೆ ನಿಲ್ಲಿಸಿ ಟ್ಯಾಬ್ ಮುಚ್ಚಿದೆ. ನಮ್ಮ ಯಜಮಾನರಾದರೆ ಒಂದೇ ಬೆಳಗ್ಗೆ ಅವನನ್ನು ಉರುಳಿಸುತ್ತಾರೆ. ಅವಳಾದರೆ ಅಲ್ಲೇ ಸಿಕ್ಕಿಕೊಳ್ಳುತ್ತಾಳೆ, ಸಿಕ್ಕಿಕೊಳ್ಳಲಿ.

ಹುಡುಗಿ ಅಲ್ಲೇ ಇದ್ದಳು. ಮರುದಿನವೂ, ಅದರ ಮರುದಿನವೂ ದೈತ್ಯನ ಎದುರಿಗೇ ನಿಂತಿದ್ದಳು. ರೈಲಿನಲ್ಲಿ ನೆಟ್‌ವರ್ಕ್ ಇಲ್ಲ, ಆಡಲು ಆಗಲಿಲ್ಲ ಎಂದರು. ಈ ಆಟಕ್ಕೆ ನೆಟ್‌ವರ್ಕ್ ಬೇಡ, ಆಡಿದ್ದು ಆಮೇಲೆ ನೆಟ್ ಸಿಕ್ಕಾಗ ಟ್ಯಾಬಿಗೆ ತಾನೇ ಸೇರಿಕೊಳ್ಳುತ್ತದೆ ಎಂದು ಮೊದಲ ದಿನ ನನಗೆ ಹೇಳಿಕೊಟ್ಟವರೇ ಅವರು. ಇನ್ನು ಕೊಟ್ಟಿಗೆಗೇ ಹೋಗಬೇಕು ಎಂದುಕೊಂಡೆ.

ಬೆಳಗಿನ ಹಾಲು ತೆಗೆದುಕೊಳ್ಳುವ ಕೆಲಸವನ್ನು ನನ್ನ ತಮ್ಮನ ಹೆಂಡತಿಗೆ ಒಪ್ಪಿಸಿ, ಅವರು ಹೋದ ಬಸ್ಸಿನ ಹಿಂದೆಯೇ ಒಂದು ಆಟೋ ಹತ್ತಿ ಬಂಗಾರಪೇಟೆಗೆ ಬಂದೆ. ಸ್ಟೇಷನ್ನಿನಲ್ಲಿ ಎಂದಿನ ಜನ. ಟಿಫನ್ ಡಬ್ಬಿ, ಬ್ಯಾಗು, ಹೂವಿನ ಬುಟ್ಟಿ, ಎಲ್ಲರಿಗೂ ಎಲ್ಲಿ ನಿಂತರೆ ಬಾಗಿಲು ಸಿಗುತ್ತದೆ ಎನ್ನುವುದು ಗೊತ್ತು. ನಾನು ಸೆರಗು ತಲೆಗೆ ಹೊದ್ದು ಮೇಲ್ಸೇತುವೆಯ ಕೆಳಗೆ ಕಂಬದ ಮರೆಗೆ ನಿಂತೆ. ಅವರು ಕೊನೆಯ ಬೆಂಚಿನಲ್ಲಿ ಕೂತಿದ್ದರು. ಪಕ್ಕದಲ್ಲಿ ಒಬ್ಬಳು ಹೆಂಗಸು, ಚೂಡಿದಾರ, ಮಡಿಲಲ್ಲಿ ಊಟದ ಚೀಲ. ನೋಡಿದ್ದು ಸಾಕು, ಹೊರಟುಹೋಗೋಣ ಎನಿಸಿತು. ಅಷ್ಟರಲ್ಲಿ ಅವಳು ಎದ್ದು, ಇವರ ಕಡೆ ತಿರುಗಿಯೂ ನೋಡದೆ, ಹೆಂಗಸರ ಡಬ್ಬಿ ನಿಲ್ಲುವ ಜಾಗಕ್ಕೆ ನಡೆದುಹೋದಳು. ಬೆಂಚಿನಲ್ಲಿ ಇವರೊಬ್ಬರೇ ಉಳಿದರು.

ಹಿಂದಿನಿಂದ ಹೋಗಿ ಹೆಗಲ ಮೇಲಿಂದ ಇಣುಕಿದೆ. ಫೋನು ಬ್ಯಾಗಿನ ಮೇಲೆ ಒರಗಿತ್ತು. ಪರದೆಯಲ್ಲಿ ನಮ್ಮ ಹುಡುಗಿ, ಎದುರಿಗೆ ದೈತ್ಯ. ಅವರು ಎಡಗೈಯಲ್ಲಿ ಅವಳನ್ನು ನಡೆಸುತ್ತಿದ್ದರು. ಗದೆ ಎದ್ದಾಗ ಅದೇ ಎಡಗೈಯನ್ನು ಪರದೆಯ ಬಲಬದಿಗೆ ಹಾರಿಸಿ ಕತ್ತಿ ಒತ್ತುತ್ತಿದ್ದರು. ಕೈ ಅಲ್ಲಿಗೆ ಮುಟ್ಟುವಷ್ಟರಲ್ಲಿ ಹುಡುಗಿ ಬಿದ್ದಿರುತ್ತಿದ್ದಳು. ಮತ್ತೆ ಎಬ್ಬಿಸಿದರು, ಮತ್ತೆ ಬಿದ್ದಳು. ಆಮೇಲೆ ಎಡಗೈಯಿಂದ ತಮ್ಮ ಬಲಗೈಯನ್ನು ಮಡಿಲಿನಿಂದ ಎತ್ತಿ, ಅದರ ಹೆಬ್ಬೆರಳನ್ನು ಪರದೆಯ ಮೇಲೆ ತಂದಿಟ್ಟರು, ಒಂದು ಸಾಮಾನನ್ನು ಎತ್ತಿ ಇಡುವ ಹಾಗೆ. ಗದೆ ಎದ್ದಿತು. ಹೆಬ್ಬೆರಳು ಸ್ವಲ್ಪ ನಡುಗಿತು, ಒತ್ತಲಿಲ್ಲ.

ಹಾಲಿನಲ್ಲಿ ಮೋಸ ಎರಡು ಥರ. ಒಂದು ಬೆರೆಸುವುದು, ಇನ್ನೊಂದು ತೆಗೆಯುವುದು. ನೀರು ಬೆರೆಸಿದ್ದನ್ನು ಯಾರಾದರೂ ಹಿಡಿಯುತ್ತಾರೆ. ಕೆನೆ ತೆಗೆದ ಹಾಲು ಲ್ಯಾಕ್ಟೋಮೀಟರಿನಲ್ಲಿ ಇನ್ನೂ ಗಟ್ಟಿಯಾಗಿಯೇ ಕಾಣುತ್ತದೆ. ನಾನು ಇಷ್ಟು ದಿನ ಯಾರು ಬೆರೆತರು ಎಂದೇ ಹುಡುಕಿದೆ. ಅವರಿಂದ ಏನು ಹೋಯಿತು ಎಂದು ನೋಡಲೇ ಇಲ್ಲ. ಒಂದೇ ಕೈ ಸಾಕಾಗುವ ಬಿಲ್ಲು, ಗುಂಡಿಯಿಲ್ಲದ ಅಂಗಿ, ಸಲೂನು, ಕತ್ತರಿಸಿಕೊಳ್ಳಲು ಆಗದೆ ತೆಗೆಸಿದ ಮೀಸೆ, ಬೆನ್ನು ಮಾಡಿ ಕೂತ ಊಟ, ಊರಿಗಾಂನ ಎಣ್ಣೆ. ನನಗೆ ಮೊದಲು ಬಂದದ್ದು ಸಮಾಧಾನ, ಬೇರೆ ಹೆಂಗಸಿಲ್ಲ ಎಂದು. ಅದರ ಬೆನ್ನಿಗೇ ಗೋದಾಮು ನೆನಪಾಯಿತು, ಮೇಲೆ ಏರುವ ಪೆಟ್ಟಿಗೆಗಳ ಕೆಳಗೆ ಓಡಾಡುವವರು ನೆನಪಾದರು.

ಪಕ್ಕಕ್ಕೆ ಬಂದು ಕೂತೆ. ಅವರು ಬೆಚ್ಚಲಿಲ್ಲ. ಪರದೆಯಿಂದ ಕಣ್ಣು ತೆಗೆಯದೆ ಕೇಳಿದರು.

"ಬಾಣ ಎಲ್ಲಾ ಯಾಕ್ ಮಾರ್ಬಿಟ್ಟೆ?"

"ಕೈ ಯಾವಾಗ್ಲಿಂದ ಇಂಗೈತೆ?" ಎಂದೆ.

ಕೈಗೆ ಏನೂ ಆಗಿಲ್ಲ, ಬೆಳಗ್ಗೆ ಹೊತ್ತು ಸ್ವಲ್ಪ ಜೋಮು ಅಷ್ಟೆ ಎಂದರು. ಟಿಫನ್ ಡಬ್ಬಿ ತೆಗೆದು ಅವರ ಬಲಗೈಗೆ ಕೊಟ್ಟು, ಮುಚ್ಚಳ ತೆಗೆಯಿರಿ ಎಂದೆ. ತೆಗೆಯಲಿಲ್ಲ. ಆಮೇಲೆ ನಿಧಾನವಾಗಿ ಹೇಳಿದರು. ಯುಗಾದಿಯ ಹೊತ್ತಿಗೆ ಹೆಬ್ಬೆರಳು ಜೋಮು ಹಿಡಿಯಲು ಶುರುವಾಯಿತು. ಊರಿಗಾಂನಲ್ಲಿ ಗೆಳೆಯನಿಗೆ ಗೊತ್ತಿದ್ದ ಒಬ್ಬರು ಎಣ್ಣೆ ಹಾಕಿ ನೀವುತ್ತಿದ್ದರು. ಡಾಕ್ಟರ ಹತ್ತಿರ ಹೋದರೆ ಚೀಟಿ ಬರುತ್ತದೆ, ಚೀಟಿ ಗೋದಾಮಿಗೆ ಹೋದರೆ ಗಾಡಿಯಿಂದ ಇಳಿಸುತ್ತಾರೆ. ಗಾಡಿಯಿಂದ ಇಳಿದವನಿಗೆ ಅಲ್ಲಿ ಬೇರೆ ಕೆಲಸ ಇಲ್ಲ, ಈ ವಯಸ್ಸಿನಲ್ಲಿ ಇನ್ನೆಲ್ಲಿಯೂ ಇಲ್ಲ.

"ದಿನಾ ಬೆಳಗ್ಗೆ ಇದ್ರಲ್ ನೋಡ್ಕಂತೀನಿ, ಕೈ ಇವತ್ ಕೇಳ್ತದಾ ಇಲ್ವಾ ಅಂತ" ಎಂದರು. "ಕೇಳ್ದಿದ್ ದಿನ ಉಷಾರಾಗ್ ಓಡಿಸ್ತೀನಿ."

ಕೇಳದ ಕೈಯಲ್ಲಿ ಉಷಾರು ಎಲ್ಲಿಂದ ಬರುತ್ತದೆ ಎಂದು ಕೇಳಬೇಕೆಂದುಕೊಂಡೆ. ರೈಲು ಬಂತು. ಜನ ನುಗ್ಗಿದರು. ನಾನು ಅವರ ಬ್ಯಾಗಿನ ಪಟ್ಟಿ ಹಿಡಿದುಕೊಂಡೆ, ಎಳೆಯಲಿಲ್ಲ, ಬರೀ ಹಿಡಿದುಕೊಂಡೆ. ಅವರು ಏಳಲಿಲ್ಲ. ರೈಲು ಹೋದ ಮೇಲೆ ಗೋದಾಮಿಗೆ ಫೋನ್ ಮಾಡಿ ಚಿಕುನ್‌ಗುನ್ಯಾ ಬಂದಿದೆ ಎಂದು ಸುಳ್ಳು ಹೇಳಿದರು. ನಾನು ಪಕ್ಕದಲ್ಲೇ ಕೂತು ಆ ಸುಳ್ಳನ್ನು ಕೇಳಿಸಿಕೊಂಡೆ.

ಕೋಲಾರದ ಡಾಕ್ಟರು ಕುತ್ತಿಗೆಯ ಹತ್ತಿರ ನರ ಒತ್ತಿದೆ ಎಂದರು. ಮಾತ್ರೆ, ಕುತ್ತಿಗೆಗೆ ಪಟ್ಟಿ, ವ್ಯಾಯಾಮ. ಸರಿಹೋಗಬಹುದು, ಹೋಗದೆಯೂ ಇರಬಹುದು, ತಾನು ಹೇಳುವವರೆಗೆ ಯಂತ್ರ ಮುಟ್ಟಬಾರದು ಎಂದರು. ನಾನು ಡಾಕ್ಟರನ್ನೂ ಪೂರ್ತಿ ನಂಬಲಿಲ್ಲ, ಮಗಳಿಗೆ ಚೀಟಿಯ ಫೋಟೋ ಕಳಿಸಿ ಅವಳ ಟೀಚರಿಂದ ಕೇಳಿಸಿದೆ. ಅವರೂ ಅದನ್ನೇ ಹೇಳಿದರು. ಅಲ್ಲಿಂದ ಮುಂದೆ ನನ್ನ ಅನುಮಾನಕ್ಕೆ ಹೊಸ ಕೆಲಸ ಸಿಕ್ಕಿತು. ಮಾತ್ರೆ ನುಂಗಿದರೋ ಇಲ್ಲವೋ, ಲೋಟ ಯಾವ ಕೈಯಲ್ಲಿ ಎತ್ತಿದರು, ಚಪ್ಪಲಿಯ ಪಟ್ಟಿ ಯಾವ ಕೈಯಲ್ಲಿ ಹಾಕಿಕೊಂಡರು. ಅವರು ಮುದ್ದೆ ಮುರಿಯುವುದನ್ನು ನಾನು ಬಾಗಿಲ ಸಂದಿನಿಂದ ನೋಡುತ್ತಿದ್ದೆ. ನಾನು ನೋಡುತ್ತಿದ್ದೇನೆ ಎಂದು ಅವರಿಗೂ ಗೊತ್ತಿತ್ತು, ಅದಕ್ಕೆ ದೊಡ್ಡ ದೊಡ್ಡ ತುತ್ತು ಮುರಿಯುತ್ತಿದ್ದರು.

ಒಂದು ಭಾನುವಾರ ಬೆಳಗ್ಗೆ ಅವರು ಗುಂಡಿಯ ಅಂಗಿ ತೊಟ್ಟು ಅಂಗಳಕ್ಕೆ ಬಂದರು. ಕೈ ಸರಿಹೋಯಿತು, ನಾಳೆಯಿಂದ ಹೋಗುತ್ತೇನೆ, ಗೋದಾಮಿನವರು ಎರಡು ಸಲ ಫೋನ್ ಮಾಡಿದ್ದಾರೆ, ಇನ್ನೂ ತಡವಾದರೆ ಬೇರೆಯವರನ್ನು ಹಾಕಿಕೊಳ್ಳುತ್ತಾರೆ ಎಂದರು. ಡಾಕ್ಟರು ಹೇಳಿಲ್ಲವಲ್ಲ ಎಂದೆ. ಡಾಕ್ಟರಿಗೆ ಏನು ಗೊತ್ತು, ನನ್ನ ಕೈ ನನಗೆ ಗೊತ್ತು ಎಂದರು. ಗುಂಡಿಗಳೆಲ್ಲ ಸರಿಯಾಗಿಯೇ ಇದ್ದವು. ಎಡಗೈಯಲ್ಲಿ ಹಾಕಿಕೊಂಡಿರಬಹುದು, ಎಷ್ಟು ಹೊತ್ತು ಹಿಡಿಯಿತೋ ಯಾರಿಗೆ ಗೊತ್ತು?

ಎದುರಿಗೇ ಆಗಲಿ ಎಂದೆ. ಮಧ್ಯಾಹ್ನ ಚಾಪೆ ಹಾಸಿ, ಟ್ಯಾಬನ್ನು ಇಬ್ಬರ ನಡುವೆ ಇಟ್ಟೆ. ಹುಡುಗಿ ಇನ್ನೂ ಅದೇ ಕೋಟೆಯಲ್ಲಿ, ಅದೇ ದೈತ್ಯನ ಎದುರಿಗೆ ನಿಂತಿದ್ದಳು. ಎಡಗಡೆ ನಾನು ನಡೆಸುತ್ತೇನೆ, ಬಲಗಡೆ ನೀವು ಕತ್ತಿ ಎತ್ತಿ, ಅದೂ ಬಲಗೈ ಹೆಬ್ಬೆರಳಲ್ಲಿ, ಅವನು ಬಿದ್ದರೆ ನಾಳೆ ನಾನೇ ಡಬ್ಬಿ ಕಟ್ಟಿಕೊಡುತ್ತೇನೆ ಎಂದೆ. ಅವರು ನಕ್ಕು, ಎಡಗೈಯನ್ನು ತಾವೇ ತೊಡೆಯ ಕೆಳಗೆ ಇಟ್ಟುಕೊಂಡು ಕೂತರು.

ಮೊದಲ ಗದೆ ಬಿತ್ತು. ಕತ್ತಿ ಸರಿಯಾಗಿ ಎದ್ದಿತು, ಠಣ್ ಎಂದು ತಡೆಯಿತು. ನನಗೆ ಕೂಗಿಬಿಡುವಷ್ಟು ಖುಷಿ. ಎರಡನೆಯದನ್ನೂ ತಡೆದು, ತಿರುಗಿ ಹೊಡೆದರು. ಎಷ್ಟೋ ತಿಂಗಳ ಮೇಲೆ ಅದೇ ಹಳೆಯ ಟಪಟಪ. ದೈತ್ಯ ಮಂಡಿಯೂರಿದ. ನಾನು ನಂಬಲು ಶುರು ಮಾಡಿದ್ದೆ, ನಿಜವಾಗಿಯೂ ಶುರು ಮಾಡಿದ್ದೆ. ಅವನು ಎದ್ದು ಮತ್ತೆ ಗದೆ ಎತ್ತಿದ. ನಾನು ಪರದೆ ಬಿಟ್ಟು ಅವರ ಕೈ ನೋಡಿದೆ. ಮಣಿಕಟ್ಟಿನ ನರ ಬಿಗಿದಿತ್ತು, ಹೆಬ್ಬೆರಳು ಇದ್ದಲ್ಲೇ ಇತ್ತು. ಅವರು ಅದಕ್ಕೆ ಹೇಳುತ್ತಿದ್ದರು, ಅದು ಕೇಳುತ್ತಿರಲಿಲ್ಲ.

ನನ್ನ ಎಡಗೈಯ ಹೆಬ್ಬೆರಳು ಹುಡುಗಿಯ ಮೇಲೇ ಇತ್ತು. ಕೂದಲೆಳೆಯಷ್ಟು ಸರಿಸಿದ್ದರೆ ಅವಳು ಪಕ್ಕಕ್ಕೆ ಜಿಗಿಯುತ್ತಿದ್ದಳು, ಗದೆ ನೆಲಕ್ಕೆ ಬೀಳುತ್ತಿತ್ತು, ಇನ್ನೊಂದು ಏಟಿಗೆ ದೈತ್ಯ ಸಾಯುತ್ತಿದ್ದ. ಸರಿಸಲು ಎಷ್ಟು ಆಸೆಯಾಯಿತು ಎಂದು ಹೇಳಲಾರೆ. ನಾನು ಬೆರಳನ್ನು ಅಲ್ಲೇ ಬಿಗಿಹಿಡಿದು ಕೂತೆ. ಗದೆ ಅವಳ ಮೇಲೆಯೇ ಬಿತ್ತು.

ಟ್ಯಾಬು ಮೊದಲಿನಿಂದ ಆಡುತ್ತೀರಾ ಎಂದು ಕೇಳುತ್ತ ಬೆಳಗುತ್ತಿತ್ತು. ಅವರು ಅದನ್ನು ನೋಡುತ್ತಿರಲಿಲ್ಲ, ನನ್ನ ಹೆಬ್ಬೆರಳನ್ನು ನೋಡುತ್ತಿದ್ದರು.

"ನೀನು ಸರಿಸ್ಬೋದಾಗಿತ್ತು" ಎಂದರು.

"ಊಂ."

"ಯಾಕ್ ಸರಿಸ್ಲಿಲ್ಲ?"

"ಗೋದಾಮಲ್ಲಿ ನಾನಿರಲ್ಲ" ಎಂದೆ. ಎಷ್ಟು ತಡೆದರೂ ಅಳು ಬಂತು.

ಅವರು ಬಲಗೈಯನ್ನು ಪರದೆಯಿಂದ ತೆಗೆದು ಮಡಿಲಲ್ಲಿಟ್ಟುಕೊಂಡರು. ಆಮೇಲೆ ಕಿಟಕಿಯ ಮೇಲಿದ್ದ ಫೋನನ್ನು ಎಡಗೈಯಲ್ಲಿ ತೆಗೆದುಕೊಂಡು ಗೋದಾಮಿನ ಸೂಪರ್‌ವೈಸರ್ ನಂಬರ್ ಒತ್ತಿದರು. ಆ ಕಡೆ ಫೋನು ಎತ್ತಿದಾಗ, ಸಾರ್, ಚಿಕುನ್‌ಗುನ್ಯಾ ಅಂತ ಹೇಳಿದ್ದು ಸುಳ್ಳು ಎಂದು ಮಾತು ಶುರು ಮಾಡಿದರು.